ಕಾನಿನ ಬೇರು, ಹಕೀಮರ ತಕ್ಕಡಿ

ಶಿಕಾರಿಪುರ ತಾಲೂಕಿನ ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ ಇದೆ. ಇಂದು ಅದೊಂದು ಸಣ್ಣ ಊರು. ಎಂಟುನೂರು ವರ್ಷಗಳ ಹಿಂದೆ ಅದು ಬನವಾಸಿ ನಾಡಿನ ಹೆಸರಾಂತ ರಾಜಧಾನಿಯಾಗಿತ್ತು, ವಿದ್ಯಾಕೇಂದ್ರವಾಗಿತ್ತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡಿದ್ದ ಕೋಡಿಯಮಠವನ್ನು ಕುರಿತು 1162ರ ಶಾಸನವೊಂದಿದೆ. ಕಳಚುರಿ ಬಿಜ್ಜಳನ ಕಾಲದ ಈ ಶಾಸನವನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ವೇದ, ವ್ಯಾಕರಣ, ದರ್ಶನಗಳ ಪಾಠ ಆ ಮಠದಲ್ಲಿ ನಡೆಯುತ್ತಿತ್ತೆಂದು ಶಾಸನವು ಹೇಳುತ್ತದೆ. ಬಡವರಿಗೆ, ಅಂಗವಿಕಲರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತೆಂದೂ ಹೇಳುತ್ತದೆ.

ಮದ್ರಸದಲ್ಲಿ ಓದಿ, ಅನಂತರ ಕನ್ನಡವನ್ನು ಅಭ್ಯಾಸ ಮಾಡಿದ ನಮಗೆ ಈ ಶಾಸನದ ವಿಷಯ ತಿಳಿದಾಗ ಮೊದಲು ನೆನಪಾದುದು ದಮಾಸ್ಕಸ್ ನಗರ. ಸುಲ್ತಾನ್ ನೂರುದ್ದೀನ್ ಝಂಗಿ ಅಲ್ಲಿ ಬೀಮಾರಿಸ್ತಾನ್ ಒಂದನ್ನು, ಅಂದರೆ ಆಸ್ಪತ್ರೆಯನ್ನು, ಸ್ಥಾಪಿಸಿದ್ದು 1154ರಲ್ಲಿ. ಒಂದೇ ದಶಕದ ಅಂತರದಲ್ಲಿ, ಪರಸ್ಪರರ ಹೆಸರನ್ನೂ ಕೇಳಿರದ ಎರಡು ಊರುಗಳಲ್ಲಿ, ಎರಡು ಬೇರೆ ಬೇರೆ ಧರ್ಮಗಳ ಜನರು ಒಂದೇ ಕರ್ತವ್ಯವನ್ನು ಮನಗಂಡಿದ್ದರು. ರೋಗಿಯು ದಿಕ್ಕಿಲ್ಲದವನಾಗಿದ್ದರೆ ಅವನ ಹೊಣೆ ಸಮಾಜದ ಮೇಲಿರುತ್ತದೆ ಎಂಬುದೇ ಆ ಕರ್ತವ್ಯ.

ಈ ಎರಡರ ನಡುವೆ ಒಂದು ವ್ಯತ್ಯಾಸವನ್ನೂ ಗಮನಿಸಬೇಕು. 1184ರಲ್ಲಿ ದಮಾಸ್ಕಸ್‌ಗೆ ಬಂದ ಯಾತ್ರಿಕ ಇಬ್ನು ಜುಬೈರ್ ಆ ಆಸ್ಪತ್ರೆಯ ದಫ್ತರುಗಳ ಬಗ್ಗೆ ಬರೆದಿದ್ದಾರೆ. ರೋಗಿಗಳ ಹೆಸರು, ಅವರ ಔಷಧಿ ಮತ್ತು ಆಹಾರಕ್ಕೆ ತಗಲುವ ವೆಚ್ಚ ಎಲ್ಲವೂ ಅಲ್ಲಿ ಬರಹದಲ್ಲಿರುತ್ತಿತ್ತು. ಬಳ್ಳಿಗಾವಿಯ ಶಾಸನದಲ್ಲಿ ಚಿಕಿತ್ಸೆ ನಡೆಯುತ್ತಿತ್ತೆಂಬ ಮಾತಿದೆ, ಯಾವ ಔಷಧಿ ಕೊಡುತ್ತಿದ್ದರೆಂಬ ಪಟ್ಟಿಯಿಲ್ಲ. ಶಾಸನದ ಉದ್ದೇಶ ಬೇರೆಯಾದುದರಿಂದ ಇದು ಅದರ ದೋಷವಲ್ಲ. ಆದರೂ 'ಯಾವ ಔಷಧಿ ಕೊಟ್ಟಿರಿ?' ಎಂಬ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಸೊರಬದ ಕಾನುಗಳು

ಬಳ್ಳಿಗಾವಿಯ ವೈದ್ಯರಿಗೆ ಮೂಲಿಕೆಗಳ ಕೊರತೆ ಇದ್ದಿರಲಾರದು. ಪಕ್ಕದ ಸೊರಬ ಸೀಮೆ ಕಾನುಗಳ ನಾಡು. ಊರಿನವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಿತ್ಯಹಸಿರಿನ ಕಾಡಿನ ತುಂಡುಗಳನ್ನು ಮಲೆನಾಡಿಗರು 'ಕಾನು' ಎನ್ನುತ್ತಾರೆ. ಅವುಗಳಲ್ಲಿ ಹಲವು ದೇವರ ಹೆಸರಿನ ಕಾಡುಗಳು, ಅಲ್ಲಿ ಕೊಡಲಿ ಆಡುತ್ತಿರಲಿಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳ ಬಗ್ಗೆ ಸರಕಾರಕ್ಕೆ ವರದಿ ಸಲ್ಲಿಸಿದರು. ಆಗ ಅಲ್ಲಿ 171 ಕಾನುಗಳಿದ್ದವು, ಅವುಗಳ ವಿಸ್ತೀರ್ಣ ಸುಮಾರು 32 ಸಾವಿರ ಎಕರೆಯಷ್ಟಿತ್ತು. ಕಾಳುಮೆಣಸು, ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ ಮುಂತಾದವು ಮಲೆನಾಡಿನ ಇಂತಹ ಕಾಡುಗಳ ಸಂಪತ್ತು. ಗದ್ದೆಯ ಬದುವಿನಲ್ಲಿ ನೆಲನೆಲ್ಲಿ, ತೋಟದ ತಂಪಿನಲ್ಲಿ ಒಂದೆಲಗ, ಬೇಲಿಯ ಮೇಲೆ ಅಮೃತಬಳ್ಳಿ, ಬಯಲು ಕಾಡಿನಲ್ಲಿ ಅಣಲೆ, ತಾರೆ, ನೆಲ್ಲಿ. ಹೀಗೆ ಇಲ್ಲಿನ ನೆಲವೇ ಒಂದು ಔಷಧಾಲಯದಂತಿದೆ.

ಆದರೆ ಗಿಡವಿದ್ದ ಮಾತ್ರಕ್ಕೆ ಔಷಧಿ ಇದೆಯೆಂದು ಹೇಳಲಾಗದು. ಗಿಡವು ಔಷಧಿಯಾಗಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಇದು ಯಾವ ಗಿಡ? ಇದು ನಿಜವಾಗಿಯೂ ಗುಣಪಡಿಸುತ್ತದೆಯೇ? ಎಷ್ಟು ಪ್ರಮಾಣದಲ್ಲಿ, ಯಾವ ರೂಪದಲ್ಲಿ ಕೊಡಬೇಕು? ಇಂದಿನ ಔಷಧ ವಿಜ್ಞಾನದ ಸಂಶೋಧನಾಲಯಗಳಲ್ಲಿ ನಡೆಯುವ ಕೆಲಸದ ಬಹುಭಾಗ ಈ ಮೂರು ಪ್ರಶ್ನೆಗಳ ಸುತ್ತಲೇ ನಡೆಯುತ್ತದೆ. ನಮ್ಮ ಪೂರ್ವಿಕ ಹಕೀಮರೂ ಇವೇ ಪ್ರಶ್ನೆಗಳನ್ನು ಕೇಳಿದ್ದರೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

ಹೆಸರಿನ ಪ್ರಶ್ನೆ

ಅಲ್‌ಬಿರೂನಿ ತಮ್ಮ ಇಳಿವಯಸ್ಸಿನಲ್ಲಿ ಕೈಗೆತ್ತಿಕೊಂಡ ಗ್ರಂಥ 'ಕಿತಾಬುಸ್ಸೈದನ'. ಅದು ಔಷಧಿಗಳ ಕೋಶ. ಒಂದೊಂದು ವಸ್ತುವಿಗೂ ಅರಬಿ, ಗ್ರೀಕ್, ಸಿರಿಯಾಕ್, ಪರ್ಶಿಯನ್ ಹೆಸರುಗಳನ್ನೂ ಅನೇಕ ಕಡೆ ಭಾರತೀಯ ಹೆಸರುಗಳನ್ನೂ ಅವರು ಸಂಗ್ರಹಿಸಿದರು. ಹೆಸರು ತಪ್ಪಿದರೆ ಔಷಧಿ ತಪ್ಪುತ್ತದೆ, ಔಷಧಿ ತಪ್ಪಿದರೆ ಪ್ರಾಣಕ್ಕೆ ಸಂಚಕಾರ ಬರುತ್ತದೆ ಎಂಬುದು ಅಷ್ಟೆಲ್ಲ ಶ್ರಮದ ಹಿಂದಿದ್ದ ಎಚ್ಚರ.

ಆ ಎಚ್ಚರದ ಅಗತ್ಯ ನಮ್ಮ ಊರಿನಲ್ಲೂ ಇದೆ. ಮಲೆನಾಡಿನ ಅನೇಕ ಮನೆಗಳಲ್ಲಿ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಇತರ ಕಡೆಗಳಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಎಲೆ ಬೇರೆ, ಕುಲ ಬೇರೆ, ಒಳಗಿನ ರಾಸಾಯನಿಕಗಳೂ ಬೇರೆ. ಹೆಸರು ಮಾತ್ರ ಒಂದೇ! ಒಂದು ಊರಿನ ಅಜ್ಜಿಯ ಮದ್ದನ್ನು ಮತ್ತೊಂದು ಊರಿನವರು ಹೆಸರು ಕೇಳಿ ತಯಾರಿಸಿದರೆ ಏನಾಗಬಹುದೆಂದು ಓದುಗರೇ ಊಹಿಸಲಿ.

ಇಬ್ನುಲ್ ಬೈತಾರ್ ಸ್ಪೇನಿನ ಮಲಾಗದಲ್ಲಿ ಹುಟ್ಟಿದವರು. ಗಿಡಗಳನ್ನು ಅವು ಬೆಳೆಯುವ ನೆಲದಲ್ಲೇ ನೋಡಬೇಕೆಂದು ಉತ್ತರ ಆಫ್ರಿಕ, ಈಜಿಪ್ಟ್, ಸಿರಿಯಾಗಳನ್ನು ಸುತ್ತಿದರು. 1248ರಲ್ಲಿ ದಮಾಸ್ಕಸ್‌ನಲ್ಲಿ ನಿಧನರಾದರು. ಅವರ ಕೋಶದಲ್ಲಿ ಸುಮಾರು 1,400 ಔಷಧಿ ಮತ್ತು ಆಹಾರ ವಸ್ತುಗಳ ವಿವರಗಳಿವೆ. ತಮ್ಮ ಹಿಂದಿನವರು ಹೇಳಿದುದನ್ನು ಅವರವರ ಹೆಸರಿನೊಂದಿಗೆ ಉಲ್ಲೇಖಿಸಿ, ತಪ್ಪು ಕಂಡಲ್ಲಿ ತಪ್ಪೆಂದು ಬರೆದರು. ಹದೀಸ್ ಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಈ ಪದ್ಧತಿ ಹೊಸದೆನಿಸದು. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂಬ ಸನದಿನ ಶಿಸ್ತು ಇಲ್ಲಿ ಗಿಡಗಳಿಗೆ ಅನ್ವಯವಾಗಿದೆ.

ಕನ್ನಡದಲ್ಲೂ ಇಂತಹ ಬರಹದ ಪರಂಪರೆಯಿತ್ತು. ಕೋಡಿಯಮಠದ ಶಾಸನ ಹುಟ್ಟಿದ ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನೆಂಬ ಜೈನ ಪಂಡಿತನು 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದನು. ಮಧ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳುವುದು ಅದರ ವಿಶೇಷ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನೇ ವಸ್ತುವಾಗಿಸಿಕೊಂಡು 'ಖಗೇಂದ್ರಮಣಿದರ್ಪಣ'ವನ್ನು ಬರೆದನು. ಧರ್ಮದ ಮಿತಿಯೊಳಗೆ ಔಷಧಿ ಹುಡುಕುವುದು ವೈದ್ಯನನ್ನು ಕಟ್ಟಿಹಾಕುವುದಿಲ್ಲ, ಹೊಸ ದಾರಿ ಹುಡುಕುವಂತೆ ಪ್ರೇರೇಪಿಸುತ್ತದೆ ಎಂಬುದಕ್ಕೆ ಸೋಮನಾಥನ ಗ್ರಂಥ ಸಾಕ್ಷಿ. ಹಲಾಲ್ ಹರಾಮ್‌ಗಳ ವಿವೇಚನೆಯುಳ್ಳ ನಮಗೆ ಈ ಜೈನ ವೈದ್ಯನ ಕಾಳಜಿ ಪರಕೀಯವೆನಿಸುವುದಿಲ್ಲ.

ಗುಣದ ಪ್ರಶ್ನೆ: ಎರಡು ಗಿಡಗಳ ಕತೆ

ಇಬ್ನು ಸೀನಾ ಅವರ 'ಅಲ್ ಕಾನೂನ್' ಗ್ರಂಥದ ಎರಡನೆಯ ಸಂಪುಟವು ಒಂಟಿ ಔಷಧಿಗಳಿಗೆ ಮೀಸಲಾಗಿದೆ. ಅದರ ಆರಂಭದಲ್ಲಿ ಔಷಧಿಯನ್ನು ಪರೀಕ್ಷಿಸುವ ನಿಯಮಗಳಿವೆ. ಔಷಧಿಯು ಹೊರಗಿನ ಗುಣಗಳಿಂದ ಕೆಟ್ಟಿರಬಾರದು. ಹಲವು ರೋಗಗಳು ಬೆರೆತ ರೋಗಿಯ ಮೇಲಲ್ಲ, ಒಂದೇ ರೋಗವಿರುವವನ ಮೇಲೆ ಅದನ್ನು ಪರೀಕ್ಷಿಸಬೇಕು. ಪರಿಣಾಮವು ಯಾವಾಗ ಕಾಣಿಸಿತೆಂದು ಗಮನಿಸಬೇಕು. ಅದು ಪ್ರತಿ ಬಾರಿಯೂ, ಅಥವಾ ಹೆಚ್ಚಿನ ಬಾರಿ, ಕಾಣಿಸದಿದ್ದರೆ ಆಕಸ್ಮಿಕವೆಂದೇ ತಿಳಿಯಬೇಕು. ಕೊನೆಗೆ ಪರೀಕ್ಷೆ ಮನುಷ್ಯನ ದೇಹದ ಮೇಲೆಯೇ ನಡೆಯಬೇಕು, ಏಕೆಂದರೆ ಪ್ರಾಣಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಲೇಬೇಕೆಂದಿಲ್ಲ. ಸಾವಿರ ವರ್ಷಗಳ ಹಿಂದಿನ ಈ ಮಾತುಗಳನ್ನು ಕೈಯಲ್ಲಿ ಹಿಡಿದು ನಮ್ಮ ಸುತ್ತಲಿನ ಎರಡು ಗಿಡಗಳನ್ನು ನೋಡೋಣ.

ಮೊದಲನೆಯದು ಸರ್ಪಗಂಧ. ಪಶ್ಚಿಮ ಘಟ್ಟದ ತಪ್ಪಲಿನ ನೆರಳಿನಲ್ಲಿ ಬೆಳೆಯುವ ಸಣ್ಣ ಗಿಡ. ಯುನಾನಿಯಲ್ಲಿ ಇದಕ್ಕೆ ಅಸ್ರೋಲ್ ಎಂದು ಹೆಸರು. ಉನ್ಮಾದಕ್ಕೆ, ನಿದ್ರಾಹೀನತೆಗೆ ಇದರ ಬೇರನ್ನು ಹಕೀಮರೂ ವೈದ್ಯರೂ ಬಳಸುತ್ತಿದ್ದರು. ದಿಲ್ಲಿಯ ಹಕೀಮ್ ಅಜ್ಮಲ್ ಖಾನ್ ಅವರು ಕುಟುಂಬದ ಪರಂಪರೆಯಿಂದ ಬಂದ ಈ ಜ್ಞಾನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಆಯುರ್ವೇದ ಮತ್ತು ಯುನಾನಿ ಎರಡನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜನ್ನು ಕಟ್ಟಿದರು. 1921ರಲ್ಲಿ ಗಾಂಧೀಜಿಯವರು ಅದನ್ನು ಉದ್ಘಾಟಿಸಿದರು. ಜರ್ಮನಿಯಲ್ಲಿ ರಸಾಯನಶಾಸ್ತ್ರ ಕಲಿತ ಯುವಕ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ಗಿಡಮೂಲಿಕೆಗಳ ಸಂಶೋಧನೆಗೆ ಪ್ರೇರೇಪಿಸಿದರು. 1927ರ ಡಿಸೆಂಬರಿನಲ್ಲಿ ಹಕೀಮ್ ಸಾಹೇಬರು ತೀರಿಕೊಂಡರು. 1931ರಲ್ಲಿ ಸಿದ್ದೀಕಿಯವರು ಸರ್ಪಗಂಧದ ಬೇರಿನಿಂದ ಹಲವು ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ತಮ್ಮ ಗುರುವಿನ ನೆನಪಿಗಾಗಿ 'ಅಜ್ಮಲೀನ್' ಎಂದು ಹೆಸರಿಟ್ಟರು. ಹೃದಯದ ಬಡಿತದ ಒಂದು ಅಪರೂಪದ ದೋಷವನ್ನು ಪತ್ತೆಹಚ್ಚಲು ಇಂದಿಗೂ ವೈದ್ಯರು ಅಜ್ಮಲೀನನ್ನು ಬಳಸುತ್ತಾರೆ.

ಅದೇ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂಬುದನ್ನು ಮುಂಬಯಿಯ ಪಾರ್ಸಿ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳ ಮೇಲೆ ಪರೀಕ್ಷಿಸಿ, 1949ರಲ್ಲಿ ಬ್ರಿಟನ್ನಿನ ಹೃದಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪೀನನ್ನು ಬೇರ್ಪಡಿಸಿದರು. ಆಗ ಬೇರಿನ ಪುಡಿಯ ಬದಲು ಮಿಲಿಗ್ರಾಂ ಲೆಕ್ಕದ ಗುಳಿಗೆ ಬಂದಿತು. ಅದರ ಜೊತೆಗೇ ಕೆಲವರಲ್ಲಿ ಅದು ತೀವ್ರ ಖಿನ್ನತೆಯನ್ನು ತರುತ್ತದೆಂಬ ಕಹಿ ಸತ್ಯವೂ ಹೊರಬಿದ್ದಿತು. ಪರೀಕ್ಷೆಗೆ ಒಡ್ಡಿದ್ದರಿಂದಲೇ ಗುಣವೂ ತಿಳಿಯಿತು, ದೋಷವೂ ತಿಳಿಯಿತು. ಒಂದು ದುಃಖದ ಮಾತನ್ನೂ ಸೇರಿಸಬೇಕು. ಬೇಡಿಕೆ ಏರಿದಂತೆ ಕಾಡಿನಿಂದ ಬೇರು ಕಿತ್ತವರೇ ಹೆಚ್ಚು, ನೆಟ್ಟವರು ಕಡಿಮೆ. 1990ರಿಂದ ಸರ್ಪಗಂಧವು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ.

ಎರಡನೆಯದು ನೆಲನೆಲ್ಲಿ. ಮಳೆ ಬಿದ್ದೊಡನೆ ಶಿಕಾರಿಪುರದ ಗದ್ದೆಬದುಗಳಲ್ಲೂ ಸೊರಬದ ಅಂಗಳಗಳಲ್ಲೂ ತಾನಾಗಿ ಹುಟ್ಟುವ ಗಿಡ. ಅರಿಶಿನ ಕಾಮಾಲೆಗೆ ಇದನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡುವುದು ನಾಡಿನ ರೂಢಿ. ಹೆಪಟೈಟಿಸ್ 'ಬಿ' ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರೂ ಮದರಾಸಿನ ವಿಜ್ಞಾನಿ ತ್ಯಾಗರಾಜನ್ ಅವರೂ ಸೇರಿ ಇದನ್ನು ಪರೀಕ್ಷೆಗೆ ಒಡ್ಡಿದರು. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಲೋಕವನ್ನು ಬೆರಗುಗೊಳಿಸಿತು. ನೆಲನೆಲ್ಲಿಯ ಪುಡಿ ಪಡೆದ 37 ಮಂದಿ ವೈರಸ್‌ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಔಷಧಿ ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಕತೆ ಇಲ್ಲಿಗೇ ಮುಗಿದಿದ್ದರೆ ನಾವೆಲ್ಲ ಹೆಮ್ಮೆಯಿಂದ ಬೀಗಬಹುದಿತ್ತು. ಆದರೆ ಇಬ್ನು ಸೀನಾ ಅವರ ನಿಯಮವನ್ನು ನೆನೆಯಿರಿ, ಪರಿಣಾಮವು ಮತ್ತೆ ಮತ್ತೆ ಕಾಣಿಸಬೇಕು. ಥಾಯ್ಲೆಂಡ್, ನ್ಯೂಜಿಲೆಂಡ್ ಮುಂತಾದ ಕಡೆಗಳಲ್ಲಿ ಪರೀಕ್ಷೆ ನಡೆಸಿದಾಗ ಅಂತಹ ಫಲ ದೊರೆಯಲಿಲ್ಲ. ನೆಲನೆಲ್ಲಿಯ ಗುಣಗಳ ಅಧ್ಯಯನ ಮುಂದುವರಿದಿದೆ. ಆದರೆ ಹೆಪಟೈಟಿಸ್ 'ಬಿ'ಗೆ ಇದೇ ಮದ್ದೆಂದು ಹೇಳುವ ಅಧಿಕಾರ ಇಂದು ಯಾರಿಗೂ ಇಲ್ಲ.

ನಮ್ಮ ಓಣಿಯ ದಾದಿ

ಈಗ ನಮ್ಮದೇ ತಪ್ಪೊಂದನ್ನು ಹೇಳಬೇಕಾಗಿದೆ. ನಮ್ಮ ಓಣಿಯಲ್ಲಿ ಒಬ್ಬ ವೃದ್ಧೆಯಿದ್ದರು. ಊರಿಗೆಲ್ಲ ಅವರು 'ದಾದಿ'. ಫಜ್ರ್ ನಮಾಝಿನ ಅನಂತರ ಅವರ ಮನೆಯ ಕಟ್ಟೆಯ ಮೇಲೆ ಕಾಮಾಲೆಯವರು ಬಂದು ಕುಳಿತಿರುತ್ತಿದ್ದರು. ಹಿಂದೂ, ಮುಸ್ಲಿಂ ಎಂಬ ಭೇದವಿರಲಿಲ್ಲ. ಖಾಲಿ ಹೊಟ್ಟೆಗೆ ಒಂದು ಲೋಟ ಮದ್ದು, ಮೂರು ದಿನ. ಒಂದು ಪೈಸೆಯನ್ನೂ ಅವರು ಮುಟ್ಟುತ್ತಿರಲಿಲ್ಲ. ಯಾವ ಸೊಪ್ಪೆಂದು ಕೇಳಿದರೆ ನಕ್ಕು, 'ಹೇಳಿದರೆ ಅಸರ್ ಹೋಗುತ್ತದೆ ಬೇಟಾ' ಎನ್ನುತ್ತಿದ್ದರು.

ನಮ್ಮಲ್ಲಿ ಓದುತ್ತಿದ್ದ ಬಾಲಕನೊಬ್ಬನ ಕಣ್ಣು ಹಳದಿಯಾದಾಗ ಅವನ ತಂದೆಗೆ ದಾದಿಯ ಮನೆಯ ದಾರಿ ತೋರಿಸಿದವರು ನಾವೇ. ಮೂರು ದಿನ ಕಳೆಯಿತು, ಗುಣವಾಗಲಿಲ್ಲ. ಮತ್ತೆ ಮೂರು ದಿನವಾಯಿತು. ಪಥ್ಯ ಸರಿಯಾಗಿಲ್ಲವೆಂದು ಯಾರೋ ಅಂದರು, ಪಕ್ಕದ ಊರಿನ ಇನ್ನೊಬ್ಬರ ಮದ್ದೂ ಹೊಟ್ಟೆ ಸೇರಿತು. ಹುಡುಗ ಮಂಪರಿಗೆ ಜಾರಿದ ಮೇಲೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದೆವು. ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, 'ಯಾವ ಔಷಧಿ ಕೊಟ್ಟಿದ್ದೀರಿ?' ತಂದೆ ನಮ್ಮ ಮುಖ ನೋಡಿದರು. ನಾವು ನೆಲ ನೋಡಿದೆವು. ಕುರ್‌ಆನನ್ನೂ ಕನ್ನಡವನ್ನೂ ಕಲಿಸುವ ನಮ್ಮ ಬಳಿ ಆ ಪ್ರಶ್ನೆಗೆ ಒಂದು ಶಬ್ದದ ಉತ್ತರವೂ ಇರಲಿಲ್ಲ.

ಅಲ್ಲಾಹನ ಕೃಪೆಯಿಂದ ಹುಡುಗ ಬದುಕಿದ. ಹಲವು ವಾರಗಳು ಹಿಡಿದವು. ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ ಎಂದು ನಾವು ಅಂದು ಕಲಿತೆವು. ನೀರಿನಿಂದ ಹರಡುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಯಾವ ಮದ್ದು ಕುಡಿದಿದ್ದರೂ ಕೀರ್ತಿ ಆ ಮದ್ದಿಗೇ ಸಲ್ಲುತ್ತದೆ. ತಾನಾಗಿ ಇಳಿಯದ ಕಾಮಾಲೆಯಲ್ಲಿ ಕಳೆದ ಒಂದೊಂದು ದಿನವೂ ಪಿತ್ತಜನಕಾಂಗಕ್ಕೆ ಹೊಡೆತ.

ದಾದಿಯನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಅವರ ನಿಯ್ಯತ್ ಹಾಲಿನಷ್ಟು ಶುಭ್ರವಾಗಿತ್ತು. ಮುಂದಿನ ವರ್ಷ ಅವರು ಅಲ್ಲಾಹನ ಸನ್ನಿಧಿಗೆ ತೆರಳಿದರು. ಅವರ ಮದ್ದು ಯಾವುದೆಂದು ಇಂದು ಅವರ ಮಕ್ಕಳಿಗೂ ಗೊತ್ತಿಲ್ಲ. ಅದು ಅಮೂಲ್ಯವಾಗಿತ್ತೋ, ನಿಷ್ಪ್ರಯೋಜಕವಾಗಿತ್ತೋ, ಕೆಲವರಿಗೆ ಅಪಾಯಕಾರಿಯಾಗಿತ್ತೋ, ಅದನ್ನು ತಿಳಿಯುವ ಬಾಗಿಲು ಅವರ ಖಬರಿನೊಂದಿಗೆ ಮುಚ್ಚಿಹೋಯಿತು.

ಪ್ರಮಾಣದ ಪ್ರಶ್ನೆ

ಮೂರನೆಯ ಪ್ರಶ್ನೆ ಪ್ರಮಾಣದ್ದು ಮತ್ತು ರೂಪದ್ದು. ಒಂದು ಹಿಡಿ ಸೊಪ್ಪು ಎಂದರೆ ಯಾರ ಹಿಡಿ? ಮಳೆಗಾಲದ ಸೊಪ್ಪೋ ಬೇಸಿಗೆಯದೋ? ಹಳೆಯ ಅತ್ತಾರರ ಅಂಗಡಿಯಲ್ಲಿ ತಕ್ಕಡಿ ಇದ್ದದ್ದು ಇದಕ್ಕಾಗಿ. ನಮ್ಮ ನಾಡಿನ ಮುಸ್ಲಿಮರಲ್ಲಿ ಅಡ್ಡಹೆಸರಾಗಿ ಉಳಿದಿರುವ 'ಅತ್ತಾರ' ಎಂಬ ಪದಕ್ಕೆ ಸುಗಂಧ ಮಾರುವವನೆಂಬ ಅರ್ಥದೊಂದಿಗೆ ಔಷಧಿ ಮಾರುವವನೆಂಬ ಅರ್ಥವೂ ಇದೆ. ಅವರ ಮೇಲೆ ಮುಹ್ತಸಿಬ್ ಎಂಬ ಮಾರುಕಟ್ಟೆ ಅಧಿಕಾರಿಯ ಕಣ್ಣಿರುತ್ತಿತ್ತು. ಹನ್ನೆರಡನೆಯ ಶತಮಾನದ ಅಶ್ಶೈಝರಿ ಅವರು ಆ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ಔಷಧಿ ವ್ಯಾಪಾರಿಗಳ, ಶರಬತ್ತು ತಯಾರಕರ ಕಲಬೆರಕೆಗಳನ್ನು ಪತ್ತೆಮಾಡುವ ಅಧ್ಯಾಯಗಳಿವೆ.

ಔಷಧಿಯನ್ನು ದೇಹಕ್ಕೆ ತಲಪಿಸುವ ಕಲೆಯಲ್ಲೂ ಅವರದು ದೊಡ್ಡ ಪಾಲು. ಕಹಿ ಕಷಾಯವನ್ನು ಸಕ್ಕರೆ ಪಾಕದಲ್ಲಿ ಶರಬತ್ತಾಗಿಸಿದರು, ಪುಡಿಯನ್ನು ಜೇನಿನಲ್ಲಿ ಕಲಸಿ ಮಾಜೂನ್ ಮಾಡಿದರು. 1013ರ ಸುಮಾರಿಗೆ ನಿಧನರಾದ ಅಂದಲೂಸಿಯದ ಅಝ್ಝಹ್ರಾವಿ ಅವರು ಅಚ್ಚಿನಲ್ಲಿ ಒತ್ತಿ ಒಂದೇ ಅಳತೆಯ ಗುಳಿಗೆಗಳನ್ನು ಮಾಡುವ ಕ್ರಮವನ್ನು ವಿವರಿಸಿದರು. ಗುಳಿಗೆಗಳೆಲ್ಲ ಒಂದೇ ಗಾತ್ರದವಾದರೆ ಶ್ರೀಮಂತನಿಗೂ ಬಡವನಿಗೂ ಒಂದೇ ಪ್ರಮಾಣ ಸಿಗುತ್ತದೆ. ಇಂದಿನ ವಿಜ್ಞಾನಿಗಳು ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ ಗುಳಿಗೆ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವ ಔಷಧಿ, ಚರ್ಮದ ಮೇಲೆ ಅಂಟಿಸುವ ಪಟ್ಟಿ ಇವುಗಳ ಮೇಲೆ ಮಾಡುವ ಸಂಶೋಧನೆಯು ಇದೇ ದಾರಿಯ ಮುಂದಿನ ಮೈಲಿಗಲ್ಲು.

ಇಲ್ಲಿ ಸೊರಬದ ಗಂಧದ ಮರವನ್ನು ನೆನೆಯದಿರಲಾಗದು. ಗುಡಿಗಾರರ ಕೆತ್ತನೆಯಿಂದ ಸೊರಬಕ್ಕೆ ಹೆಸರು ತಂದ ಶ್ರೀಗಂಧ ಯುನಾನಿಯಲ್ಲಿ ಶರಬತ್ತಾಗಿ, ಖಮೀರವಾಗಿ ಬಳಕೆಯಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಂಧದೆಣ್ಣೆ ಮೂತ್ರರೋಗಗಳ ಔಷಧಿಯಾಗಿ ಬ್ರಿಟಿಷ್ ಔಷಧಕೋಶವನ್ನೂ ಸೇರಿತು. ಅದರ ರುಚಿ ನಾಲಿಗೆಗೆ ಹಿತವಲ್ಲ. 1834ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜೆಲಾಟಿನ್ ಕ್ಯಾಪ್ಸೂಲ್ ಆ ತೊಡಕನ್ನು ಕಳೆಯಿತು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಮರ ಸಾಗುವುದು ನಿಂತಾಗ ಮೈಸೂರು ಸರಕಾರ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ಎಣ್ಣೆ ತೆಗೆಯುವುದನ್ನು ಕಲಿತು, 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿತು. 1944ರಲ್ಲಿ ಶಿವಮೊಗ್ಗದಲ್ಲೂ ಕಾರ್ಖಾನೆ ಬಂದಿತು. ಅಷ್ಟರಲ್ಲಿ ಪೆನಿಸಿಲಿನ್ ಬಂದು, ಆ ರೋಗಗಳಿಗೆ ಗಂಧದೆಣ್ಣೆ ಕೊಡುವುದು ನಿಂತುಹೋಯಿತು. ಸುಗಂಧವಾಗಿ ಅದು ಉಳಿಯಿತು. ಉತ್ತಮವಾದುದು ಸಿಕ್ಕಾಗ ಹಳೆಯದನ್ನು ಗೌರವದಿಂದ ಬಿಟ್ಟುಕೊಡುವುದೂ ಜ್ಞಾನದ ಲಕ್ಷಣ. ಕ್ಯಾಪ್ಸೂಲಿನ ಜೆಲಾಟಿನ್ ಪ್ರಾಣಿಮೂಲದ್ದು. ಅದರ ಬಗ್ಗೆ ಉಲಮಾಗಳಲ್ಲಿ ವಿವರವಾದ ಚರ್ಚೆಯಿದೆ. ಈಗ ಸಸ್ಯದ ನಾರಿನಿಂದ ತಯಾರಿಸಿದ ಕ್ಯಾಪ್ಸೂಲ್‌ಗಳೂ ಬಂದಿವೆ. ಜಗದ್ದಳ ಸೋಮನಾಥನು ಇದ್ದಿದ್ದರೆ ಸಂತೋಷಪಡುತ್ತಿದ್ದನು.

ಬರೆದಿಟ್ಟದ್ದು ಉಳಿಯುತ್ತದೆ

'ಹೇಳಿದರೆ ಅಸರ್ ಹೋಗುತ್ತದೆ' ಎಂಬ ನಂಬಿಕೆಗೆ ಇತಿಹಾಸವೇ ಉತ್ತರ ಕೊಡುತ್ತದೆ. 1995ರಲ್ಲಿ ಅಮೆರಿಕದಲ್ಲಿ ಅರಿಶಿನದಿಂದ ಗಾಯ ಮಾಯಿಸುವ ಕ್ರಮಕ್ಕೆ ಪೇಟೆಂಟ್ ನೀಡಲಾಯಿತು. ನಮ್ಮ ಪ್ರತಿಯೊಂದು ಅಡುಗೆಮನೆಗೂ ಗೊತ್ತಿರುವ ವಿಷಯವದು! ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ ಹಳೆಯ ಗ್ರಂಥಗಳ, ಪತ್ರಿಕೆಗಳ ಲಿಖಿತ ಸಾಕ್ಷ್ಯಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ನಮ್ಮನ್ನು ಕಾಪಾಡಿದ್ದು ಬರಹ. ಅನಂತರ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಯೋಗಗಳನ್ನು ಒಳಗೊಂಡ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಸರಕಾರ ಕಟ್ಟಿತು. ಆದರೆ ಅದಕ್ಕೆ ಸೇರಿದ್ದು ಗ್ರಂಥಗಳಲ್ಲಿದ್ದ ಜ್ಞಾನ. ದಾದಿಯ ಎದೆಯಲ್ಲಿದ್ದದ್ದು ಅದಕ್ಕೆ ಹೇಗೆ ಸೇರೀತು?

2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಊರಿನ ಗಿಡಗಳೂ ಅವುಗಳ ಬಳಕೆಯೂ ಅದರಲ್ಲಿ ದಾಖಲಾಗಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಶಿವಮೊಗ್ಗ ಜಿಲ್ಲೆಯ ನಾಟಿ ವೈದ್ಯರನ್ನು ಭೇಟಿಮಾಡಿ ಅವರ ಮೂಲಿಕೆಗಳನ್ನು ದಾಖಲಿಸಿದ್ದಾರೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಿದೆ. ಬಾಗಿಲುಗಳು ತೆರೆದಿವೆ, ಹೋಗಬೇಕಾದವರು ನಾವು.

ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಶಮನವನ್ನು ಇಳಿಸಿದ್ದಾನೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಅದನ್ನು ನಾವು ಆಗಾಗ ನೆನೆಯುತ್ತೇವೆ. ವೈದ್ಯವನ್ನು ಅರಿಯದೆ ಚಿಕಿತ್ಸೆ ಮಾಡಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದೂ ಅವರೇ ಎಚ್ಚರಿಸಿದ್ದಾರೆ. ಇದನ್ನು ನಾವು ನೆನೆಯುವುದು ಕಡಿಮೆ. ಮೊದಲನೆಯ ಮಾತು ಹುಡುಕಲು ಪ್ರೇರಣೆ, ಎರಡನೆಯದು ಪರೀಕ್ಷಿಸಲು ಆಜ್ಞೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

ಆದುದರಿಂದ ಶಿಕಾರಿಪುರ, ಸೊರಬ ಸೀಮೆಯ ನಮ್ಮ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಮದ್ದು ಬಲ್ಲ ಹಿರಿಯರಿದ್ದರೆ ಅವರ ಪಕ್ಕ ಕುಳಿತು ಬರೆದುಕೊಳ್ಳಿ. ಗಿಡದ ಹೆಸರು, ಯಾವ ಭಾಗ, ಎಷ್ಟು, ಹೇಗೆ, ಯಾರಿಂದ ಕಲಿತದ್ದು ಎಲ್ಲವನ್ನೂ ಬರೆಯಿರಿ. ಗಿಡದ ಒಂದು ರೆಂಬೆಯನ್ನು ಬಲ್ಲವರಿಗೆ ತೋರಿಸಿ ಶಾಸ್ತ್ರೀಯ ಹೆಸರನ್ನು ಸೇರಿಸಿ. ಹಿರಿಯರ ಹೆಸರನ್ನು ಮರೆಯದೆ ನಮೂದಿಸಿ, ಅದು ಅವರ ಹಕ್ಕು. ಆದರೆ ಬರೆದುಕೊಂಡದ್ದನ್ನೆಲ್ಲ ಕುಡಿಸಬೇಡಿ. ಕಣ್ಣು ಹಳದಿಯಾದ ಮಗುವನ್ನು ಮೊದಲು ವೈದ್ಯರ ಬಳಿ ಕೊಂಡೊಯ್ಯಿರಿ, ರಕ್ತಪರೀಕ್ಷೆ ಮಾಡಿಸಿರಿ, ಮನೆಮದ್ದು ಕೊಟ್ಟಿದ್ದರೆ ಮುಚ್ಚಿಡದೆ ತಿಳಿಸಿರಿ.

ಕೋಡಿಯಮಠದ ವೈದ್ಯರು ದಿಕ್ಕಿಲ್ಲದ ರೋಗಿಗೆ ಯಾವ ಬೇರನ್ನು ಅರೆದು ಕೊಟ್ಟರೆಂದು ಕಲ್ಲು ಹೇಳಲಿಲ್ಲ. ದಾದಿಯೂ ಹೇಳಲಿಲ್ಲ. ನಾಳೆ ನಮ್ಮ ಮಕ್ಕಳ ಮಕ್ಕಳನ್ನು ಯಾರಾದರೂ 'ಯಾವ ಔಷಧಿ?' ಎಂದು ಕೇಳಿದಾಗ ಅವರು ನೆಲ ನೋಡುವಂತಾಗದಿರಲಿ. ದಾದಿಯ ತಪ್ಪುಗಳನ್ನೂ ನಮ್ಮ ತಪ್ಪುಗಳನ್ನೂ ಅಲ್ಲಾಹನು ಕ್ಷಮಿಸಲಿ, ರೋಗಿಗಳಿಗೆ ಶಮನವನ್ನೂ ನಮಗೆ ಪ್ರಯೋಜನಕಾರಿ ಜ್ಞಾನವನ್ನೂ ಅನುಗ್ರಹಿಸಲಿ. ಆಮೀನ್.